ಅಂತರಗಂಗೆ ಬೆಟ್ಟದಡಿ ಒಂದೇ ದಿನ: ಟೊಮೆಟೊ ಲೋಡೂ ಆಯ್ತು, ದರ್ಶನವೂ ಆಯ್ತು

ಲೋಡು ಹಾಕುವ ದಿನವೇ ಮನೆಮಂದಿಯನ್ನು ಕೋಲಾರಕ್ಕೆ ಕರೆದುಕೊಂಡು ಹೋದರೆ ರೇಟೂ ಇಲ್ಲ, ದರ್ಶನವೂ ಇಲ್ಲ ಅಂತ ಮುಳಬಾಗಿಲು ಕಡೆ ನಮ್ಮವರು ನಗುತ್ತಿದ್ದರು. ಈ ಸೀಸನ್ನಿನಲ್ಲಿ ನಾಲ್ಕು ಸಲ ಎರಡೂ ಆಗಿದೆ.

ಅದಕ್ಕೂ ಮೊದಲಿನ ಎರಡು ಸಲ ಕೆಟ್ಟಿದ್ದು ಅಂತರಗಂಗೆ ಬೆಟ್ಟ ಮೊದಲು, ಟೊಮೆಟೊ ಹರಾಜಾಗುವ ಮಂಡಿ ಆಮೇಲೆ ಅಂದುಕೊಂಡಿದ್ದಕ್ಕೆ. ಗಾಡಿ ಬಿಸಿಲಲ್ಲಿ ನಿಂತು ತಳದ ಬಾಕ್ಸುಗಳಲ್ಲಿ ಹಣ್ಣು ನೀರೊಡೆಯಿತು, ಹೋಗುವಷ್ಟರಲ್ಲಿ ದೊಡ್ಡ ಖರೀದಿದಾರರು ಎದ್ದಿದ್ದರು. ಬಾಕ್ಸಿಗೆ 40 ರೂಪಾಯಿ ಹೊಡೆತ, 45 ಬಾಕ್ಸಿಗೆ 1,800. ಟಾಟಾ ಏಸ್‌ನಂಥ ಸಣ್ಣ ಗೂಡ್ಸ್ ಗಾಡಿಗೆ 45 ಬಾಕ್ಸಿಗಿಂತ ಹೆಚ್ಚು ಹೇರಬೇಡಿ. ಬಾಕ್ಸಿಗೆ 15 ಕೆಜಿ, ಲೆಕ್ಕ ನಿಮಗೇ ಗೊತ್ತು.

ಈಗ ಹಿಂದಿನ ದಿನ 4 ಗಂಟೆ ಮೇಲೆ ಕೀಳುವುದು, ಅರೆಗೆಂಪು ಬೇರೆ, ಪೂರ್ತಿ ಕೆಂಪು ಬೇರೆ. ದೂರದ ಊರಿಗೆ ಲೋಡು ಕಳಿಸುವ ಖರೀದಿದಾರರು ಅರೆಗೆಂಪನ್ನೇ ಕೇಳುತ್ತಾರೆ. ತೊಟ್ಟು ಬಿಡಿಸಲೇಬೇಕು, ಒಂದು ತೊಟ್ಟು ಪಕ್ಕದ ನಾಲ್ಕು ಹಣ್ಣಿಗೆ ಚುಚ್ಚುತ್ತದೆ. ಅಂಚು ಮೀರಿ ತುಂಬಿದರೆ ಮೇಲಿನ ಬಾಕ್ಸೇ ಅರೆಯುತ್ತದೆ. ತಾಜಾ ಕಾಣಲಿ ಅಂತ ನೀರು ಚಿಮುಕಿಸಿಯೂ ನೋಡಿದ್ದಾಯಿತು; ಚುಕ್ಕೆ ಬಿದ್ದು ಕೊಳೆಯಿತು.

ಗಾಡಿ ಬೆಳಗ್ಗೆ 5ಕ್ಕೆ ಹೊರಡುತ್ತದೆ. ಮನೆಯವರು ಮೊದಲ ಬಸ್ಸಿಗೆ. ಬಾಕ್ಸಿನ ಮೇಲೆ ಯಾರನ್ನೂ ಕೂರಿಸಬಾರದು. ಮಂಡಿಯಲ್ಲಿ ಇಳಿಸಿ, ಬಾಕ್ಸು ಎಣಿಸಿ, ಲೆಕ್ಕದ ಚೀಟಿ ಕೈಗೆ ಬಂದಮೇಲೆ ಆಟೋ ಹಿಡಿದು ಬೆಟ್ಟ. ಯಾವ ಸಾಲಿನಲ್ಲಿ ಇಳಿಸಬೇಕು ಅನ್ನೋದು ಮಾತ್ರ ಇಲ್ಲಿ ಬರೆಯಲ್ಲ.

ಅಜ್ಜಿಗೆ ಮೆಟ್ಟಿಲು ಹತ್ತಲು ಮುಕ್ಕಾಲು ಗಂಟೆ. ಹಣ್ಣುಕಾಯಿ ಪ್ಲಾಸ್ಟಿಕ್ ಕವರಿನಲ್ಲಿ ಬೇಡ, ಕೋತಿಗಳಿಗೆ ಕವರಿನ ಸದ್ದೇ ಸಾಕು. ಬಾಯಿ ಕಟ್ಟಿದ ಬಟ್ಟೆ ಚೀಲ ಸಾಕು. ಅಲ್ಲಿನ ಕಲ್ಲು ಬಸವನ ಬಾಯಿಂದ ಬೀಳುವ ನೀರಿಗೆ 2 ಲೀಟರಿನ ಕ್ಯಾನು ಸಾಕು, 5 ಲೀಟರಿನದನ್ನು ಇಳಿಸುವವರು ಯಾರು?

ನಮ್ಮ ಸಾಲಿಗೆ ಹರಾಜು ಬರುವುದು ಒಂಬತ್ತೂವರೆಗೆ. ಅಷ್ಟರಲ್ಲಿ ಒಬ್ಬರಾದರೂ ಬಾಕ್ಸಿನ ಪಕ್ಕ ನಿಂತಿರಬೇಕು, ಇಲ್ಲದಿದ್ದರೆ ಮೇಲಿನ ಹಣ್ಣು ಬಿಟ್ಟು ತಳದ್ದು ಕೆದಕಿ ರೇಟು ಇಳಿಸುತ್ತಾರೆ. ಉಳಿದವರು ನೇರ ಕೋಲಾರಮ್ಮನ ಗುಡಿಗೆ, ಅಲ್ಲಿಂದ ಸೋಮೇಶ್ವರ. ದುಡ್ಡು ಕೈಗೆ ಬಂದಮೇಲೆ ಬಟ್ಟೆ, ದಿನಸಿ, ಡ್ರಿಪ್ಪಿನ ಜಾಯಿಂಟು, ಎಲ್ಲ ಖಾಲಿ ಗಾಡಿಗೆ. ಕೊನೇ ಸಲ ಹಮಾಲಿ, ಬಾಡಿಗೆ, ಕಮಿಷನ್ ಕಳೆದು ಹತ್ತಿರಹತ್ತಿರ 9,000 ಉಳಿಯಿತು.

ತಿರಸ್ಕಾರವಾದ ಒಂದು ಬಾಕ್ಸನ್ನು ಹೆಚ್ಚಿ ಉಪ್ಪು ಹಾಕಿ ತಾರಸಿ ಮೇಲೆ ಒಣಗಿಸಿದೆ. 15 ಕೆಜಿಗೆ ಒಂದು ಕೆಜಿ ಕೂಡ ಬರಲಿಲ್ಲ, ಸಾರಿಗೆ ಮಾತ್ರ ಚೆನ್ನಾಗಿದೆ. ಖಾಲಿ ಬಾಕ್ಸು ಎಣಿಸಿಯೇ ವಾಪಸ್ ಹೇರಿ. ಎರಡು ಕಮ್ಮಿಯಾದರೆ ಮುಂದಿನ ಚೀಟಿಯಲ್ಲಿ ಅದರ ದುಡ್ಡು ಹಿಡಿಯುತ್ತಾರೆ.