ತುಲಾ ಸಂಕ್ರಮಣದ ಉಪನ್ಯಾಸಕ್ಕೆ ಮನೆಯಲ್ಲೇ ತಯಾರಿ: ನನ್ನ ಅನುಭವ

ನಮ್ಮ ಮನೆ ಕೊಡಗಿನ ಚೇರಂಬಾಣೆ ಹತ್ತಿರ. ಮೂರು ವರ್ಷದಿಂದ, ಸೂರ್ಯ ತುಲಾ ರಾಶಿಗೆ ಬರುವ ತುಲಾ ಸಂಕ್ರಮಣದ ದಿನ ಸಂಜೆ, ಊರ ದೇವಸ್ಥಾನದಲ್ಲಿ ಕಾವೇರಿಯ ಕಥೆ ಹೇಳುವ ಕೆಲಸ ನನ್ನದು. 40 ನಿಮಿಷ ಮಾತಾಡಬೇಕು. ಮೊದಲನೇ ವರ್ಷ ನೋಟ್‌ಬುಕ್ ತುಂಬ ಬರೆದುಕೊಂಡು ಹೋಗಿ ಸುಮ್ನೆ ಓದಿಬಿಟ್ಟೆ. ಜನ ಮರ್ಯಾದೆಗೆ ಕೂತಿದ್ದರು. ಕಾವೇರಮ್ಮನ ಮಡಿಲಲ್ಲೇ ಬದುಕುವವರಿಗೆ ಅವಳ ಕಥೆಯನ್ನು ಹೀಗೆ ಹೇಳಿದೆನಲ್ಲ ಅಂತ ಆವತ್ತು ರಾತ್ರಿ ನಿದ್ದೆ ಹತ್ತಲಿಲ್ಲ. ಮರುವರ್ಷದಿಂದ ತಯಾರಿಯ ರೀತಿ ಬದಲಾಯಿಸಿದೆ. ಇರುವುದು ಒಂದು ಸಾಧಾರಣ ಫೋನು, ಮಗಳು ಬಿಟ್ಟುಹೋದ ಹಳೇ ಲ್ಯಾಪ್‌ಟಾಪು.

ಮಳೆ ಹಿಡಿಯುವ ಮೊದಲೇ ಬೇಕಾದ್ದನ್ನೆಲ್ಲ ಇಳಿಸಿಟ್ಟುಕೊಳ್ಳುತ್ತೇನೆ. ಜುಲೈ, ಆಗಸ್ಟ್‌ನಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತೆ ಅಂತ ಹೇಳೋಕಾಗಲ್ಲ, ನೆಟ್‌ವರ್ಕೂ ಅಷ್ಟೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಬೇಕಾದಷ್ಟು ಸಿಗುತ್ತವೆ. ಮಾವನವರು ಇಟ್ಟಿದ್ದ ಕಾವೇರಿ ಮಹಾತ್ಮೆಯ ಪುಸ್ತಕವೂ ಮನೆಯಲ್ಲಿದೆ. ಅದರ ಪುಟಗಳಿಗೆ ಗೂಗಲ್ ಲೆನ್ಸ್ ಹಿಡಿದರೆ ಅಕ್ಷರಗಳು ಫೋನಿಗೆ ಬರುತ್ತವೆ. ಅಚ್ಚು ಮಾಸಿರುವ ಕಡೆ ಪ, ವ, ಷ ಕಲಸಿಹೋಗುತ್ತವೆ. ಸಾಲು ಸಾಲಾಗಿ ಪುಸ್ತಕದ ಜೊತೆ ಹೋಲಿಸಿ ನೋಡಲೇಬೇಕು.

ಆಮೇಲೆ ಬರೆಯುವುದಿಲ್ಲ, ಮಾತಾಡುತ್ತೇನೆ. ಒಲೆ ಮುಂದೆ ಅಕ್ಕಿ ಬೇಯುವಾಗ ಫೋನಿನ ಕನ್ನಡ ಧ್ವನಿ ಟೈಪಿಂಗ್ ಹಾಕಿ, ಪಕ್ಕದ ಮನೆಯವರಿಗೆ ಹೇಳುವ ಹಾಗೆ ಕಥೆ ಹೇಳುತ್ತೇನೆ. ಅದು ಕಾವೇರಿಯನ್ನು ಸಾಕಿದ ಕವೇರ ಮುನಿಯನ್ನು ‘ಕಾವೇರಿ ಮುನಿ’ ಮಾಡುತ್ತೆ, ಕಾವೇರಿಯ ಇನ್ನೊಂದು ಹೆಸರಾದ ಲೋಪಾಮುದ್ರೆಯನ್ನು ‘ಲೋಪ ಮುದ್ರೆ’ ಅಂತ ಒಡೆಯುತ್ತೆ. ತಿದ್ದಿದರಾಯಿತು. ಬಾಯಿಂದ ಬಂದ ವಾಕ್ಯ ಕಿವಿಗೆ ಹಿತವಾಗಿರುತ್ತೆ, ಅದು ಮುಖ್ಯ.

ನನ್ನ ಮಾತನ್ನು ನಿಜವಾಗಿ ತಿದ್ದಿದ್ದು ಧ್ವನಿ ರೆಕಾರ್ಡರ್. ಎರಡನೇ ವರ್ಷ ಪೂರ್ತಿ ಉಪನ್ಯಾಸವನ್ನು ರೆಕಾರ್ಡ್ ಮಾಡಿ, ತೋಟದಲ್ಲಿ ಮೆಣಸಿನ ಬಳ್ಳಿ ನೋಡುತ್ತಾ ಕೇಳಿದೆ. ಕಾವೇರಿಯ ಗಂಡ ಅಗಸ್ತ್ಯ ಋಷಿಯ ಮಹಿಮೆಗೇ 18 ನಿಮಿಷ ಹೋಗಿತ್ತು! ತನ್ನನ್ನು ಒಂಟಿಯಾಗಿ ಬಿಟ್ಟುಹೋಗಬಾರದು ಅಂತ ಮಾತು ತೆಗೆದುಕೊಂಡು ಮದುವೆಯಾದವಳು ಕಾವೇರಿ. ಅವಳನ್ನು ಕಮಂಡಲದಲ್ಲಿಟ್ಟು ಋಷಿ ಹೊರಟುಹೋದಾಗ ಅವಳಿಗೆ ಏನನ್ನಿಸಿತು ಅನ್ನುವುದಕ್ಕೆ ನನ್ನಲ್ಲಿ ಎರಡೇ ವಾಕ್ಯ. ಕೇಳಿ ಕಣ್ಣಲ್ಲಿ ನೀರು ಬಂತು. ಅವತ್ತೇ ಅಗಸ್ತ್ಯರ ಭಾಗವನ್ನು 5 ನಿಮಿಷಕ್ಕೆ ಇಳಿಸಿದೆ. ಉಳಿದದ್ದನ್ನು ಹೊಳೆ ಹರಿಯುವ ದಾರಿಯಲ್ಲೇ ಜೋಡಿಸಿದೆ: ಬ್ರಹ್ಮಗಿರಿ, ತಲಕಾವೇರಿ, ಕನ್ನಿಕೆ, ಸುಜ್ಯೋತಿ ಹೊಳೆಗಳು ಸೇರುವ ಭಾಗಮಂಡಲ, ಬಲಮುರಿ. ಕೇಳುವವರು ಬಸ್ಸಿನಲ್ಲಿ ದಿನಾ ಓಡಾಡುವ ದಾರಿ ಅಲ್ವಾ, ಮನಸ್ಸು ತಾನಾಗಿ ಜೊತೆಗೆ ಬರುತ್ತೆ.

ಅದೇ ರೆಕಾರ್ಡಿಂಗನ್ನು ಅತ್ತೆಗೂ ಕೇಳಿಸಿದೆ. ಹೊಳೆಯಾಗಿ ಹರಿದುಹೋಗುವ ಕಾವೇರಿಯನ್ನು ಬಲಮುರಿಯಲ್ಲಿ ಜನ ತಡೆಯಲು ಹೋದಾಗ ನೀರಿನ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಹೋಯಿತು, ಕೊಡವ ಹೆಂಗಸರು ಹಿಂದೆ ನೆರಿಗೆ ಇಡುವುದು ಆಗಿನಿಂದ, ಅಂತ ಹೇಳಿದ್ದೆ. ಅತ್ತೆ ತಡೆದರು. “ನೀರು ತಳ್ಳಿತು ಅನ್ಬೇಡ. ಕಾವೇರಮ್ಮ ತಳ್ಳಿದಳು ಅನ್ನು.” ಈಗ ಹಾಗೇ ಹೇಳುತ್ತೇನೆ. ಅವರು ಕಣಿ ಪೂಜೆ ಮಾಡುವ ಕ್ರಮವನ್ನೂ ರೆಕಾರ್ಡ್ ಮಾಡಿಟ್ಟಿದ್ದೇನೆ: ಸೌತೆಕಾಯಿಗೆ ಕೆಂಪು ರೇಷ್ಮೆ ಸುತ್ತಿ, ಪದಕ ತೊಡಿಸಿ, ಬಳೆ ಇಟ್ಟು ಕಾವೇರಿ ಅಂತ ಪೂಜಿಸುವುದು. ಹಿರಿಯರ ಧ್ವನಿ ಹೀಗೆ ಉಳಿಯಬೇಕು ಅಂತ ನನಗೆ ತುಂಬಾ ಆಸೆ.

ಎಐ ಆ್ಯಪ್ ವಿಷಯ ಹೇಳಲೇಬೇಕು. ಕಳೆದ ವರ್ಷ ಒಂದರಲ್ಲಿ ಕಾವೇರಿ ಸ್ತುತಿಯ ಶ್ಲೋಕ ಕೇಳಿದೆ. ಅಧ್ಯಾಯ, ಶ್ಲೋಕ ಸಂಖ್ಯೆ ಸಮೇತ ಕೊಟ್ಟಿತು. ಎರಡು ಸಂಜೆ ಪುಸ್ತಕ ತಿರುವಿದೆ, ಎಲ್ಲೂ ಇಲ್ಲ. ಮತ್ತೆ ಕೇಳಿದರೆ ಕ್ಷಮೆ ಕೇಳಿ ಬೇರೆ ಶ್ಲೋಕ ಕೊಟ್ಟಿತು, ಅದೂ ಇಲ್ಲ. ದೇವರ ಮುಂದೆ ಇಲ್ಲದ ಶ್ಲೋಕ ಹೇಳಿಬಿಡುತ್ತಿದ್ದೆನಲ್ಲ ಅಂತ ಎದೆ ಝಲ್ಲೆಂದಿತು. ಈಗ ಶ್ಲೋಕಕ್ಕೆ, ಕಥೆಗೆ ಅದನ್ನು ಕೇಳುವುದೇ ಇಲ್ಲ. ನಾನೇ ಬರೆದದ್ದನ್ನು ಕೊಟ್ಟು, ಉದ್ದ ವಾಕ್ಯ ಎಲ್ಲಿದೆ, ಮಕ್ಕಳಿಗೆ ಅರ್ಥವಾಗದ ಪದ ಯಾವುದು ಅಂತ ಮಾತ್ರ ಕೇಳುತ್ತೇನೆ. ಅದಕ್ಕೆ ಒಳ್ಳೆಯದು.

ಮಕ್ಕಳು ಅಂದಾಗ ನೆನಪಾಯಿತು. ಸಂಕ್ರಮಣದ ಗಳಿಗೆಗೆ ತಲಕಾವೇರಿಯಲ್ಲಿ ಕಾವೇರಿ ತೀರ್ಥವಾಗಿ ಉಕ್ಕಿಬರುವ ತೀರ್ಥೋದ್ಭವದ ಹೊತ್ತು ಪ್ರತಿ ವರ್ಷ ಯಾಕೆ ಬೇರೆ ಅಂತ ಒಬ್ಬ ಹುಡುಗ ಕೇಳಿದ್ದ. ನನಗೆ ಗೊತ್ತಿರಲಿಲ್ಲ. ಹಳೆಯ ಸಮಯಗಳನ್ನು ಫೋನಿನಲ್ಲಿ ಹುಡುಕಿ ಒಂದರ ಕೆಳಗೊಂದು ಬರೆದೆ. 2024ರಲ್ಲಿ ಬೆಳಿಗ್ಗೆ 7.40, 2025ರಲ್ಲಿ ಮಧ್ಯಾಹ್ನ 1.44. ಸುಮಾರು 6 ಗಂಟೆ ಮುಂದೆ. ಸೂರ್ಯ ತುಲಾ ರಾಶಿಗೆ ಮರಳಿ ಬರಲು 365 ದಿನದ ಮೇಲೆ ಇನ್ನೂ 6 ಗಂಟೆಯಷ್ಟು ಬೇಕು, ಅದಕ್ಕೆ. ಅಧಿಕ ವರ್ಷದಲ್ಲಿ ಫೆಬ್ರವರಿಗೆ ಒಂದು ದಿನ ಸೇರುವುದರಿಂದ ಮತ್ತೆ ಅಕ್ಟೋಬರ್ 17ರ ಆಸುಪಾಸಿಗೇ ಬರುತ್ತೆ. ಇದನ್ನು ಈಗ ಉಪನ್ಯಾಸದ ಮೊದಲಲ್ಲೇ ಹೇಳುತ್ತೇನೆ. ಹಿಂದಿನ ಸಾಲಿನ ಹುಡುಗರೂ ತಲೆ ಎತ್ತುತ್ತಾರೆ.

ದೇವಸ್ಥಾನಕ್ಕೆ ಫೋನು ಹಿಡಿದು ಹೋಗುವುದಿಲ್ಲ. ಬರೀ ಹೆಸರುಗಳನ್ನು, ಶ್ಲೋಕದ ಮೊದಲ ಪದಗಳನ್ನು ದೊಡ್ಡ ಅಕ್ಷರದಲ್ಲಿ ಒಂದೇ ಹಾಳೆಗೆ ಪ್ರಿಂಟ್ ಮಾಡಿಸಿ ಸೆರಗಿನಲ್ಲಿ ಇಟ್ಟುಕೊಳ್ಳುತ್ತೇನೆ. ಕಳೆದ ಸಲ ಭಾಗಮಂಡಲದ ಹತ್ತಿರ ಬರುವಾಗ ಕರೆಂಟು ಹೋಯಿತು. ದೀಪದ ಬೆಳಕಲ್ಲೇ ಬಲಮುರಿ ತನಕ ಹೇಳಿದೆ. ಹಾಳೆ ತೆಗೆಯಲೇ ಇಲ್ಲ.