ಪಾದ್ರಿಯ ಉಸಿರಿಗೆ ಡ್ರಮ್ ಕಟ್ಟಿದ ಬಗೆ

1987ರಲ್ಲಿ ಶಿಕಾಗೋದಲ್ಲಿ ಇಬ್ಬರು ಸೇರಿ ಒಂದು ಸಿನಿಮಾ ಮಾಡಬೇಕು ಅಂತ ಹೊರಟರು. ಸಿನಿಮಾ ಆಗಲೇ ಇಲ್ಲ. ಅದಕ್ಕೆಂದು ಮಾಡಿಟ್ಟಿದ್ದ ಸಂಗೀತವನ್ನು ಮರುವರ್ಷ ಅದೇ ಊರಿನ ವ್ಯಾಕ್ಸ್ ಟ್ರ್ಯಾಕ್ಸ್ ಕಂಪನಿ ಹೊರತಂದಿತು. ಬ್ಯಾಂಡಿನ ಹೆಸರು ಮೈ ಲೈಫ್ ವಿತ್ ದ ಥ್ರಿಲ್ ಕಿಲ್ ಕಲ್ಟ್. ಗ್ರೂವಿ ಮ್ಯಾನ್, ಬಝ್ ಮೆಕಾಯ್ ಅಂತ ಆ ಇಬ್ಬರು ತಮಗೂ ಹೊಸ ಹೆಸರು ಇಟ್ಟುಕೊಂಡರು. ಹಳೆಯ ಸಿನಿಮಾಗಳಿಂದ ಎತ್ತಿದ ಮಾತು, ದೇವರು ಪಾಪ ನರಕ ಅಂತ ಯಾರ್ಯಾರೋ ಕೂಗಿದ ಕೂಗು, ಅದರ ಕೆಳಗೆ ಕಾರ್ಖಾನೆಯ ಯಂತ್ರದಂಥ ಬೀಟ್. 1990ರ ಅವರ ಒಂದು ಹಾಡಿನ ಹೆಸರೇ ‘ಕೂಲರ್ ದ್ಯಾನ್ ಜೀಸಸ್’.

ಕೆಲಸಕ್ಕೆ ಅಂತ ಈ ಊರಿಗೆ ಬಂದ ಮೇಲೆ ನನಗೆ ಈ ಸಂಗೀತದ ಹುಚ್ಚು ಹಿಡಿಯಿತು. ಕ್ಲಾರ್ಕ್ ಬೀದಿಯಲ್ಲಿ 1982ರಿಂದ ನಡೆಯುತ್ತಿರುವ ಮೆಟ್ರೋ ಅನ್ನುವ ಜಾಗ ಇದೆ. ಅದರ ಕೆಳಗೇ ಸ್ಮಾರ್ಟ್ ಬಾರ್ ಕ್ಲಬ್. ಅಲ್ಲಿ ಕುಣಿದು ಬಂದವನಿಗೆ ಬರೀ ಕೇಳಿಸಿಕೊಂಡು ಸುಮ್ನೆ ಇರಲು ಆಗಲಿಲ್ಲ. ಮನೆಯಲ್ಲೇ ಕೂತು ಇದೇ ಜಾತಿಯ ಹಾಡು ಮಾಡುತ್ತಾ ಬಂದಿದ್ದೇನೆ. ಅದರಲ್ಲಿ ಒಂದು ಹಾಡನ್ನು ಹೇಗೆ ಕಟ್ಟಿದೆ ಅನ್ನುವುದನ್ನು ಇಲ್ಲಿ ಹೇಳುತ್ತೇನೆ.

ಮೊದಲೇ ಒಂದು ಮಾತು. ಈ ಸಂಗೀತ ದೇವರನ್ನು ಬೈಯುವುದಿಲ್ಲ. ದೇವರ ಹೆಸರಲ್ಲಿ ಹೆದರಿಸುವ ದನಿಯನ್ನು ಹಿಡಿದು ಕುಣಿಸುತ್ತದೆ. ಇದು ಹುಟ್ಟಿದ ಕಾಲ ನೋಡಿ. 1987ರಲ್ಲಿ ಟಿವಿ ಪಾದ್ರಿ ಓರಲ್ ರಾಬರ್ಟ್ಸ್, ಮಾರ್ಚ್ ಒಳಗೆ 80 ಲಕ್ಷ ಡಾಲರ್ ಕೂಡದಿದ್ದರೆ ದೇವರು ತನ್ನನ್ನು ಕರೆಸಿಕೊಳ್ಳುತ್ತಾನೆ ಅಂತ ಭಕ್ತರಿಗೆ ಹೇಳಿದರು. ಅದೇ ಮಾರ್ಚಿನಲ್ಲಿ ಇನ್ನೊಬ್ಬ ಟಿವಿ ಪಾದ್ರಿ ಜಿಮ್ ಬೇಕರ್ ಹಗರಣವೊಂದರಲ್ಲಿ ಸಿಕ್ಕಿ ರಾಜೀನಾಮೆ ಕೊಟ್ಟರು. 1988ರ ಫೆಬ್ರವರಿಯಲ್ಲಿ ಜಿಮ್ಮಿ ಸ್ವಾಗರ್ಟ್ ‘ನಾನು ಪಾಪ ಮಾಡಿದ್ದೇನೆ’ ಅಂತ ಕ್ಯಾಮೆರಾ ಮುಂದೆ ಗಳಗಳ ಅತ್ತರು. ಇದನ್ನೆಲ್ಲ ಮನೆಯ ಟಿವಿಯಲ್ಲೇ ನೋಡಿದ ಹುಡುಗರ ಕೈಗೆ ಅದೇ ಹೊತ್ತಿಗೆ ಸ್ಯಾಂಪ್ಲರ್ ಸಿಕ್ಕಿತು. ಯಾವುದೇ ದನಿಯ ತುಂಡನ್ನು, ಅಂದರೆ ಸ್ಯಾಂಪಲ್ಲನ್ನು, ಹಿಡಿದಿಟ್ಟು ಬೇಕಾದಾಗ ನುಡಿಸುವ ಯಂತ್ರ ಅದು. ಇಂಗ್ಲೆಂಡಿನ ಕ್ಯಾಬರೆ ವೋಲ್ಟೇರ್ 1981ರಲ್ಲೇ ಜೀನ್ ಸ್ಕಾಟ್ ಎಂಬ ಅಮೆರಿಕದ ಟಿವಿ ಪಾದ್ರಿಯ ದನಿ ಬಳಸಿತ್ತು. 1988ರಲ್ಲಿ ಬೆಲ್ಜಿಯಮ್ಮಿನ ಫ್ರಂಟ್ 242 ಕೂಡ ಹಾಗೇ ಮಾಡಿತು. ಅಮೆರಿಕದ ಪಾದ್ರಿಯ ದನಿಗೆ ಯುರೋಪಿನಲ್ಲೂ ಅಷ್ಟು ಕಿವಿ ಸಿಕ್ಕಿತ್ತು ಅಂದಮೇಲೆ, ಆ ದನಿಯಲ್ಲಿ ಮಾತಿಗಿಂತ ಜಾಸ್ತಿ ಏನೋ ಇರಲೇಬೇಕು ಅಲ್ವಾ?

ನನ್ನ ಪ್ರಕಾರ ಅದು ಉಸಿರು. ಬ್ಯಾಪ್ಟಿಸ್ಟ್ ಪಾದ್ರಿಯೊಬ್ಬರ ಮಗ ನನ್ನ ಜೊತೆ ಕೆಲಸ ಮಾಡುತ್ತಾನೆ. ಅವನೇ ನನಗೆ ಇದನ್ನು ಹೇಳಿಕೊಟ್ಟ ಗುರು. ಅವರ ಚರ್ಚುಗಳಲ್ಲಿ ಉಪದೇಶ ಮೆಲ್ಲಗೆ, ಮಾತಿನ ಹಾಗೇ ಶುರುವಾಗುತ್ತದೆ. ಬರಬರುತ್ತಾ ಶ್ರುತಿ ಏರುತ್ತದೆ, ವಾಕ್ಯಗಳು ಗಿಡ್ಡವಾಗುತ್ತವೆ. ಕೊನೆಯ ಹಂತದಲ್ಲಿ ಪ್ರತಿ ತುಂಡು ಮಾತಿನ ಕೊನೆಗೂ ‘ಹಾ!’ ಅಂತ ಒಂದು ಉಸಿರು ಬೀಳುತ್ತದೆ. ಜನ ‘ಆಮೆನ್’ ಅನ್ನುವುದು ಆ ಸಂದಿನಲ್ಲೇ. ಆ ಉಸಿರು ಸರಿಯಾದ ಅಂತರಕ್ಕೆ ಬೀಳುತ್ತಾ ಹೋಗುತ್ತದೆ. ಅಂದರೆ ಉಪದೇಶಕ್ಕೆ ತಾಳ ಆಗಲೇ ಇದೆ. ಡ್ರಮ್ ಹಾಕುವವನು ಅದನ್ನು ಹುಡುಕಿ ಹಿಡಿದರೆ ಸಾಕು.

ಅದೇ ಗೆಳೆಯನ ಕೈಯಲ್ಲಿ ಬೈಬಲ್ ಓದಿಸಿದೆ. 1611ರ ಇಂಗ್ಲಿಷ್ ಅನುವಾದ, ಪ್ರಕಟನೆ ಪುಸ್ತಕದ 8ನೇ ಅಧ್ಯಾಯ. ಏಳು ದೇವದೂತರು ಒಬ್ಬೊಬ್ಬರಾಗಿ ತುತ್ತೂರಿ ಊದಲು ಶುರು ಮಾಡುವ ಭಾಗ ಅದು. 13ನೇ ವಚನದಲ್ಲಿ ಭೂಮಿಯ ಮೇಲಿರುವವರಿಗೆ ‘ವೋ, ವೋ, ವೋ’ ಅಂತ ಮೂರು ಸಲ ಶಾಪದ ಹಾಗೆ ಬರುತ್ತದೆ. ಗೆಳೆಯ ಅಪ್ಪನ ಧಾಟಿಯಲ್ಲೇ ಓದಿದ. ಮೂರನೆಯ ‘ವೋ’ ಆದ ಮೇಲೆ ಅವನಿಗೇ ಗೊತ್ತಿಲ್ಲದೆ ‘ಹಾ!’ ಬಿತ್ತು. ನನಗೆ ಬೇಕಾದ್ದು ಅಷ್ಟೇ. ನಾಲ್ಕು ಬೀಟಿನ ಸುತ್ತಿನಲ್ಲಿ 1, 2, 3ಕ್ಕೆ ಒಂದೊಂದು ‘ವೋ’. ನಾಲ್ಕನೇ ಬೀಟಿಗೆ ಉಸಿರು, ಆ ಉಸಿರಿನ ಮೇಲೆ ಸ್ನೇರ್, ಅಂದರೆ ಚಟ್ ಅನ್ನುವ ಡ್ರಮ್.

ಇಲ್ಲಿ ಒಂದು ಸೂಕ್ಷ್ಮ ಇದೆ. ‘ವೋ’ ದನಿ ‘ವ’ಕಾರದಿಂದ ಮೆತ್ತಗೆ ಏರುತ್ತದೆ. ಸ್ಯಾಂಪಲ್ಲಿನ ಶುರುವನ್ನೇ ತಂದು ಬೀಟಿನ ಮೇಲೆ ಇಟ್ಟರೆ ಪಾದ್ರಿ ತಡವಾಗಿ ಬಂದ ಹಾಗೆ ಕೇಳಿಸುತ್ತದೆ. ಕಿವಿಗೆ ಬೀಟ್ ಅನ್ನಿಸುವುದು ‘ಓ’ ಸ್ವರ ಬಾಯಿ ತೆರೆದ ಜಾಗ. ಹಾಗಾಗಿ ಪ್ರತಿ ‘ವೋ’ವನ್ನೂ ಸುಮಾರು 40 ಮಿಲಿಸೆಕೆಂಡ್ ಮುಂಚೆ ಇಟ್ಟೆ. ನಿಮಿಷಕ್ಕೆ 120 ಬೀಟಿನ ಹಾಡಿನಲ್ಲಿ ಒಂದು ಬೀಟ್ ಅಂದರೆ 500 ಮಿಲಿಸೆಕೆಂಡ್. ಅದರಲ್ಲಿ 40 ಏನು ಮಹಾ ಅನ್ನಿಸಬಹುದು. ಆದರೆ ಜನ ಕುಣಿಯುವುದೂ ಸುಮ್ನೆ ನಿಲ್ಲುವುದೂ ಅಷ್ಟರಲ್ಲೇ ಇದೆ. ‘ಹಾ’ ಹಾಗಲ್ಲ. ಅದು ಥಟ್ಟನೆ ಬರುವ ದನಿ, ಅದನ್ನು ಇದ್ದ ಹಾಗೇ ಬೀಟಿಗೆ ಕೂರಿಸಬಹುದು.

ಓದಿದ ದನಿ ಲ್ಯಾಪ್‌ಟಾಪ್‌ನಲ್ಲಿ ತೀರಾ ಶುಭ್ರವಾಗಿತ್ತು. ಶುಭ್ರ ದನಿಗೆ ಅಧಿಕಾರ ಇರುವುದಿಲ್ಲ. ಆದ್ದರಿಂದ ಅದನ್ನು ಸಣ್ಣ ರೇಡಿಯೋ ಸ್ಪೀಕರಿನಲ್ಲಿ ಹಾಕಿ, ಬಚ್ಚಲುಮನೆಯಲ್ಲಿ ಇಟ್ಟು, ಹೊರಗೆ ಮೈಕ್ ಹಿಡಿದು ಮತ್ತೆ ರೆಕಾರ್ಡ್ ಮಾಡಿದೆ. ಆಮೇಲೆ 300 ಹರ್ಟ್ಸ್‌ನ ಕೆಳಗಿನದನ್ನೂ 3,400ರ ಮೇಲಿನದನ್ನೂ ತೆಗೆದೆ. ಹಳೆಯ ಟೆಲಿಫೋನಿನಲ್ಲಿ ದನಿ ಬರುತ್ತಿದ್ದುದು ಹೆಚ್ಚುಕಡಿಮೆ ಅಷ್ಟರೊಳಗೇ. ಎಲ್ಲಿಂದಲೋ ಬಂದ ಕರೆಯ ಹಾಗೆ ಕೇಳಿಸಿತು.

ಯಂತ್ರದ ಬಗ್ಗೆಯೂ ಸ್ವಲ್ಪ ಹೇಳಬೇಕು. 1986ರ ಅಕಾಯ್ ಎಸ್900 ಸ್ಯಾಂಪ್ಲರಿನಲ್ಲಿ ಒಳ್ಳೆ ಗುಣಮಟ್ಟದಲ್ಲಿ 12 ಸೆಕೆಂಡೂ ಹಿಡಿಯುತ್ತಿರಲಿಲ್ಲ. 1987ರ ಎಸ್‌ಪಿ-1200ರಲ್ಲಿ ಒಟ್ಟು 10 ಸೆಕೆಂಡ್. ಎರಡೂ 12 ಬಿಟ್ಟಿನವು. ಅಂದರೆ ದನಿಯ ಏರಿಳಿತಕ್ಕೆ 4,096 ಮೆಟ್ಟಿಲು. ಸಿಡಿಯಲ್ಲಿ 65,536 ಇರುತ್ತವೆ. ಜಾಗ ಉಳಿಸಲು ಆಗಿನವರು ನಿಮಿಷಕ್ಕೆ 33 ಸುತ್ತು ತಿರುಗಬೇಕಾದ ರೆಕಾರ್ಡನ್ನು 45ಕ್ಕೆ ಓಡಿಸಿ ಹಿಡಿದು, ಆಮೇಲೆ ಸ್ಯಾಂಪ್ಲರಿನಲ್ಲಿ ನಿಧಾನ ಮಾಡುತ್ತಿದ್ದರು. 10 ಸೆಕೆಂಡಿನಲ್ಲಿ 13 ಸೆಕೆಂಡಿಗೂ ಜಾಸ್ತಿ ಸಾಮಾನು ಸಿಗುತ್ತಿತ್ತು. ಜೊತೆಗೆ ದನಿಗೆ ಒಂಥರಾ ಮರಳು ಮರಳಾದ ಗರಗರ ಬರುತ್ತಿತ್ತು. ನಾನು ಈಗಲೂ ಲ್ಯಾಪ್‌ಟಾಪ್‌ನಲ್ಲಿ ಅದನ್ನೇ ಮಾಡುತ್ತೇನೆ: ವೇಗ ಹೆಚ್ಚಿಸಿ, 12 ಬಿಟ್ಟಿಗೆ ಇಳಿಸಿ, ಮತ್ತೆ ನಿಧಾನ ಮಾಡುವುದು. ಒಂದು ಹಾಡಿಗೆ ಒಟ್ಟು 10 ಸೆಕೆಂಡಿಗಿಂತ ಜಾಸ್ತಿ ಮಾತಿನ ಸ್ಯಾಂಪಲ್ ಬೇಡ ಅಂತಲೂ ಕಟ್ಟು ಹಾಕಿಕೊಂಡಿದ್ದೇನೆ. ಇವತ್ತು ಎಷ್ಟು ಬೇಕಾದರೂ ತುರುಕಬಹುದು, ಅದಕ್ಕೇ ಇವತ್ತಿನ ಇಂಥ ಎಷ್ಟೋ ಹಾಡು ಸಂತೆಯ ಗಲಾಟೆಯ ಹಾಗೆ ಕೇಳಿಸುತ್ತವೆ.

ಎರಡನೇ ಸ್ಯಾಂಪಲ್ ನನಗೆ ತುಂಬಾ ಇಷ್ಟ. 1962ರ ‘ಕಾರ್ನಿವಲ್ ಆಫ್ ಸೋಲ್ಸ್’ ಸಿನಿಮಾ. ನಿರ್ದೇಶಕ ಹರ್ಕ್ ಹಾರ್ವಿ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಊರಿನಲ್ಲಿ ಇದ್ದವರು. ಶಾಲೆಗಳಿಗೆ, ಕಂಪನಿಗಳಿಗೆ ತಿಳಿವಳಿಕೆ ಚಿತ್ರ ಮಾಡುವುದು ಅವರ ನೌಕರಿಯಾಗಿತ್ತು. ಕಥೆಯ ನಾಯಕಿ ಚರ್ಚಿನಲ್ಲಿ ಆರ್ಗನ್ ನುಡಿಸುವವಳು. ಒಂದು ದಿನ ನುಡಿಸುತ್ತಾ ನುಡಿಸುತ್ತಾ ಅವಳ ಕೈ ಸ್ತೋತ್ರಗೀತೆ ಬಿಟ್ಟು ಬೇರೆ ಏನೋ ವಿಚಿತ್ರ ರಾಗಕ್ಕೆ ಹೊರಳುತ್ತದೆ. ಪಾದ್ರಿ ಬಂದು ಅವಳ ಕೈ ಹಿಡಿದು ನಿಲ್ಲಿಸಿ, ಇದು ಅಪವಿತ್ರ, ದೇವದ್ರೋಹ ಅಂತ ಗದರಿ ಕೆಲಸದಿಂದ ತೆಗೆಯುತ್ತಾನೆ. ಈ ಇಡೀ ಸಂಗೀತದ ಮೇಲೆ ಬರಬಹುದಾದ ದೂರನ್ನು ಅವನೇ ಮೊದಲು ಹೇಳಿಬಿಟ್ಟಿದ್ದಾನೆ! ದೇವದ್ರೋಹ ಅನ್ನುವುದಕ್ಕೆ ಅವನು ಬಳಸಿದ ‘ಸ್ಯಾಕ್ರಿಲೆಜ್’ ಪದ ಎತ್ತಿಕೊಂಡೆ. ಅದನ್ನು ಸ್ಯಾಕ್, ರಿ, ಲೆಜ್ ಅಂತ ಮೂರು ತುಂಡು ಮಾಡಿದೆ. ಬೀಟನ್ನು ನಾಲ್ಕು ಭಾಗ ಮಾಡಿದರೆ ಅರ್ಧ ಸುತ್ತಿಗೆ ಎಂಟು ಭಾಗ ಬರುತ್ತವೆ. ಮೊದಲ ತುಂಡಿಗೆ ಮೂರು, ಎರಡನೆಯದಕ್ಕೆ ಮೂರು, ಕೊನೆಯದಕ್ಕೆ ಎರಡು. ಕೆಳಗೆ ಕಿಕ್, ಅಂದರೆ ದಪ್ಪ ದನಿಯ ಡ್ರಮ್, ನೆಟ್ಟಗೆ ನಡೆಯುತ್ತಿದೆ, ಮೇಲೆ ಗದರಿಕೆ ಓರೆಯಾಗಿ ಕುಣಿಯುತ್ತಿದೆ. ಕ್ಲಬ್ಬಿನಲ್ಲಿ ಗೆಳೆಯನೊಬ್ಬ ಇದನ್ನು ಹಾಕಿದಾಗ ಜನರ ಭುಜ ಮೊದಲು ಅಲುಗಾಡಿದ್ದು ಇಲ್ಲೇ.

ಈ ಸಿನಿಮಾ ಆರಿಸಿದ್ದಕ್ಕೆ ಕಾನೂನೂ ಕಾರಣ. ಆಗ ಅಮೆರಿಕದಲ್ಲಿ ಪ್ರಿಂಟಿನ ಮೇಲೆ ಕಾಪಿರೈಟ್ ಸೂಚನೆ ಇರಲೇಬೇಕಿತ್ತು. ಇದರಲ್ಲಿ ಇರಲಿಲ್ಲ, ಹಾಗಾಗಿ ಅಲ್ಲಿ ಇದು ಎಲ್ಲರ ಸ್ವತ್ತು. ಭಾರತದಲ್ಲಿ ಸಿನಿಮಾದ ಹಕ್ಕು 60 ವರ್ಷ, ಆ ಲೆಕ್ಕದಲ್ಲಿ 2022ಕ್ಕೆ ಅದೂ ಮುಗಿಯಿತು. ಎಂಬತ್ತರ ದಶಕದವರು ಕೈಗೆ ಸಿಕ್ಕಿದ್ದನ್ನೆಲ್ಲ ಎತ್ತುತ್ತಿದ್ದರು. 1991ರ ಡಿಸೆಂಬರಿನಲ್ಲಿ ರ್‍ಯಾಪ್ ಗಾಯಕ ಬಿಜ್ ಮಾರ್ಕಿಯ ಮೊಕದ್ದಮೆಯಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶರು ತೀರ್ಪಿನ ಮೊದಲ ಸಾಲಿಗೇ ಬೈಬಲ್ಲಿನ ಆಜ್ಞೆ ಹಾಕಿದರು: ‘ಕದಿಯಬಾರದು.’ ಅಲ್ಲಿಗೆ ಆ ಕಾಲ ಮುಗಿಯಿತು. ಯಾರದೋ ಉಪದೇಶದ ಕ್ಯಾಸೆಟ್ ಸಿಕ್ಕಿತು ಅಂತ ಹಾಗೇ ಬಳಸಬೇಡಿ. ನಾನು ಗೆಳೆಯನಿಂದ ಓದಿಸಿದ್ದೂ ಅದಕ್ಕೇ.

ಬಾಸ್ ಬಗ್ಗೆ ಹೇಳುವುದು ಕಮ್ಮಿ. ಒಂದೇ ಸ್ವರ, ಬೀಟಿಗೆ ನಾಲ್ಕು ಸಲ, ಬಿಡದೆ. ಲೋಹದ ಕಿರಿಚಲಿಗೆ ‘ಎಲ್’ ಅಂತ ಕರೆಯುವ ಇಲ್ಲಿನ ನಗರ ರೈಲನ್ನು ಬಳಸಿದೆ. ಡೌನ್‌ಟೌನಿನಲ್ಲಿ ಲೂಪ್ ಅನ್ನುವ ಸುತ್ತುಹಳಿಯಲ್ಲಿ ರೈಲು ತಿರುವು ತೆಗೆದುಕೊಳ್ಳುವಾಗ ಚಕ್ರ ಕಿರುಗುಟ್ಟುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಹಿಂದುಮುಂದು ಮಾಡಿ, ಪ್ರತಿ ಎಂಟು ಸುತ್ತಿಗೊಮ್ಮೆ ಹಾಕಿದೆ.

ನಮ್ಮ ಕಡೆಯ ಮಂತ್ರ ಯಾಕೆ ಹಾಕಲಿಲ್ಲ ಅಂತ ಕನ್ನಡದ ಗೆಳೆಯರು ಕೇಳುತ್ತಾರೆ. ಶಿಕಾಗೋದ ಕ್ಲಬ್ಬಿನಲ್ಲಿ ಸಂಸ್ಕೃತ ಮಂತ್ರಕ್ಕೆ ಯಾರೂ ಹೆದರಿ ಬೆಳೆದಿಲ್ಲ. ಅಲ್ಲಿ ಅದು ಬರೀ ಊದುಬತ್ತಿಯ ವಾಸನೆ, ಅಲಂಕಾರ. ಕೇಳುವವರ ಮೇಲೆ ಯಾವ ದನಿಗೆ ಅಧಿಕಾರ ಇತ್ತೋ ಅದನ್ನು ಕುಣಿಸಿದಾಗ ಮಾತ್ರ ಈ ಸಂಗೀತಕ್ಕೆ ಅರ್ಥ. ಬ್ರಯಾನ್ ಈನೋ, ಡೇವಿಡ್ ಬರ್ನ್ 1981ರ ಆಲ್ಬಮ್ಮಿನಲ್ಲಿ ರೇಡಿಯೋ ಪಾದ್ರಿಗಳ ಜೊತೆಗೆ ಕುರಾನ್ ಪಠಣವನ್ನೂ ಬಳಸಿದ್ದರು. ಮುಂದಿನ ಮುದ್ರಣಗಳಲ್ಲಿ ಆ ಹಾಡನ್ನು ತೆಗೆದರು. ತೆಗೆದದ್ದು ಸರಿ ಅನ್ನುವುದು ನನ್ನ ಅಭಿಪ್ರಾಯ. ಪಾದ್ರಿ ಅವರ ಮನೆಯ ದನಿ, ಆ ಪಠಣ ಹಾಗಲ್ಲ. ಕರ್ನಾಟಕದಲ್ಲಿ ಕೂತು ಇಂಥದ್ದು ಮಾಡುವವರಿಗೆ ಇನ್ನೊಂದು ಮಾತು: ಬೇಕಂತಲೇ, ದ್ವೇಷದಿಂದ ಧಾರ್ಮಿಕ ಭಾವನೆ ಕೆರಳಿಸಿದರೆ ಮೂರು ವರ್ಷದವರೆಗೆ ಜೈಲು. ಹಿಂದೆ ದಂಡ ಸಂಹಿತೆಯ 295ಎ, 2024ರ ಜುಲೈಯಿಂದ ನ್ಯಾಯ ಸಂಹಿತೆಯ 299.

ಇನ್ನೊಂದು ಗೆರೆಯನ್ನೂ ನಾನು ದಾಟುವುದಿಲ್ಲ. ಅಮೆರಿಕದಲ್ಲಿ 1922 ಮತ್ತು ಅದಕ್ಕಿಂತ ಹಿಂದಿನ ಧ್ವನಿಮುದ್ರಣಗಳು 2022ರ ಜನವರಿಯಲ್ಲಿ ಎಲ್ಲರಿಗೂ ಮುಕ್ತವಾದವು. ಅಮೆರಿಕದ ಕಪ್ಪು ಜನರ ಗಾಯನ ತಂಡ ಫಿಸ್ಕ್ ಜುಬಿಲಿ ಸಿಂಗರ್ಸ್ 1909ರಲ್ಲಿ ಹಾಡಿದ ಭಕ್ತಿಗೀತೆಗಳು ಅದರಲ್ಲಿ ಇವೆ. ಕಾನೂನು ಪ್ರಕಾರ ಅವನ್ನು ಕತ್ತರಿಸಬಹುದು. ನಾನು ಕತ್ತರಿಸಲ್ಲ. ಗುಲಾಮಗಿರಿಯಲ್ಲಿ ಹುಟ್ಟಿದ ಹಾಡು ಅವು, ಅಲ್ಲಿ ಹೆದರಿಸುವ ದನಿ ಇಲ್ಲವೇ ಇಲ್ಲ.

ಆದರೆ ಅಟ್ಲಾಂಟಾದ ಪಾದ್ರಿ ಜೆ. ಎಂ. ಗೇಟ್ಸ್ ಅವರ ವಿಷಯ ಬೇರೆ. 1926ರಲ್ಲಿ ಅವರು ಸಾವಿನ ಕಪ್ಪು ರೈಲು ಬರುತ್ತಿದೆ ಅಂತ ಉಪದೇಶ ಮಾಡಿ ರೆಕಾರ್ಡ್ ತಂದರು. ಆ ವರ್ಷದ ಧ್ವನಿಮುದ್ರಣಗಳು ಅಲ್ಲಿ ಮುಕ್ತವಾಗುವುದು 2027ರ ಜನವರಿ 1ಕ್ಕೆ. ಅದರ ಉಸಿರಿನ ಅಂತರವನ್ನು ಆಗಲೇ ಕೇಳಿ ಕೇಳಿ ಗುರುತು ಹಾಕಿಕೊಂಡಿದ್ದೇನೆ. ಎಲ್ ರೈಲಿನ ಕಿರಿಚಲನ್ನೂ ಅದಕ್ಕಾಗಿ ಹೊಸದಾಗಿ, ಈ ಸಲ ಒಳ್ಳೆ ಮೈಕಿನಲ್ಲಿ ರೆಕಾರ್ಡ್ ಮಾಡಬೇಕು.