ರೆಪ್ಲಿಕಾ ಸ್ಪೋರ್ಟ್ಸ್ ಕಾರನ್ನು ಪರೀಕ್ಷಿಸಿ ನೋಡುವ ಬಗೆ

ಅಮೆರಿಕದಲ್ಲಿ ಭಾನುವಾರ ಬೆಳಿಗ್ಗೆ ನಡೆಯುವ ಕಾರುಪ್ರಿಯರ ಕೂಟಗಳಲ್ಲಿ, ನೀಲಿ ಮೈಮೇಲೆ ಎರಡು ಬಿಳಿ ಪಟ್ಟೆ ಬಳಿದ, ಕೋಬ್ರಾ ಎಂಬ ಸ್ಪೋರ್ಟ್ಸ್ ಕಾರೊಂದು ಸಾಮಾನ್ಯವಾಗಿ ಕಾಣಸಿಗುತ್ತದೆ. 1960ರ ದಶಕದಲ್ಲಿ ತಯಾರಾದ ಅಸಲಿ ಕೋಬ್ರಾಗಳು ಸುಮಾರು ಒಂದು ಸಾವಿರ ಮಾತ್ರ ಆಗಿರುವುದರಿಂದ, ನಿಮ್ಮೆದುರು ನಿಂತಿರುವುದು ಬಹುಮಟ್ಟಿಗೆ ರೆಪ್ಲಿಕಾ, ಅಂದರೆ ಮೂಲದಂತೆ ಕಾಣಲೆಂದು ಬೇರೆಯವರು ಕಟ್ಟಿದ ಕಾರು, ಎಂದೇ ತಿಳಿಯಬಹುದು. ಅಂಥ ಕಾರಿನ ಸುತ್ತ ಸೇರಿದವರು 'ಇದು ಅಸಲಿಯೇ?' ಎಂದು ಕೇಳುತ್ತಾರೆ. ಮಾಲೀಕರು 'ಅಲ್ಲ, ನಾನೇ ಕಟ್ಟಿದ್ದು' ಎಂದೊಡನೆ ಅರ್ಧದಷ್ಟು ಜನ ಮುಂದಿನ ಕಾರಿನತ್ತ ಹೊರಟುಬಿಡುತ್ತಾರೆ. ನಿಜವಾಗಿ ನೋಡಬೇಕಾದದ್ದು ಆ ಉತ್ತರದ ನಂತರವೇ ಶುರುವಾಗುತ್ತದೆ ಎಂಬುದು ನನ್ನ ನಂಬಿಕೆ. ರೆಪ್ಲಿಕಾಗಳನ್ನೆಲ್ಲ ಒಟ್ಟಾಗಿ ಗೌರವಿಸುವುದೂ ಸರಿಯಲ್ಲ, ಒಟ್ಟಾಗಿ ತಳ್ಳಿಹಾಕುವುದೂ ಸರಿಯಲ್ಲ. ಒಂದೊಂದು ಕಾರನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿಯೇ ತೀರ್ಮಾನಿಸಬೇಕು. ಆ ಪರೀಕ್ಷೆಯ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಪರೀಕ್ಷೆಗೆ ಮುನ್ನ 'ಅಸಲಿ' ಎಂಬ ಮಾತಿನ ಬಗ್ಗೆ ಸ್ವಲ್ಪ ಯೋಚಿಸುವುದು ಒಳ್ಳೆಯದು. ಕೋಬ್ರಾದ ಮೂಲ ಇಂಗ್ಲೆಂಡಿನ ಎಸಿ ಕಂಪನಿಯ ಏಸ್ ಎಂಬ ಸಣ್ಣ ಕಾರು. ಅದರಲ್ಲಿದ್ದ ಬ್ರಿಸ್ಟಲ್ ಎಂಜಿನ್ ಜರ್ಮನಿಯ ಬಿಎಂಡಬ್ಲ್ಯು 328ರ ವಿನ್ಯಾಸದಿಂದ ಬಂದದ್ದು; ಆ ಎಂಜಿನ್ನಿನ ತಯಾರಿಕೆ ನಿಂತ ಮೇಲೆ ಅಮೆರಿಕದ ಮಾಜಿ ರೇಸ್ ಚಾಲಕ ಕ್ಯಾರಲ್ ಶೆಲ್ಬಿ ಏಸ್‌ನ ಚಾಸಿಗೆ, ಅಂದರೆ ಅಡಿಚೌಕಟ್ಟಿಗೆ, ಫೋರ್ಡ್‌ನ ಎಂಟು ಸಿಲಿಂಡರಿನ ವಿ8 ಎಂಜಿನ್ ಕೂರಿಸಿದಾಗ ಕೋಬ್ರಾ ಹುಟ್ಟಿತು. 1948ರಲ್ಲಿ ಆಸ್ಟ್ರಿಯಾದ ಗ್ಮುಂಡ್ ಎಂಬ ಊರಿನಲ್ಲಿ ತಯಾರಾದ ಮೊದಲ ಪೋರ್ಷೆ 356 ಕೂಡ ಫೋಕ್ಸ್‌ವ್ಯಾಗನ್ ಬೀಟಲ್‌ನ ಬಿಡಿಭಾಗಗಳನ್ನೇ ನೆಚ್ಚಿಕೊಂಡಿತ್ತು. ಹೀಗಿರುವಾಗ, ಬೇರೆ ಕಾರಿನ ಎಂಜಿನ್ ಮತ್ತು ಆಕ್ಸಲ್ ಬಳಸಿದ್ದಾರೆ ಎಂಬ ಒಂದೇ ಕಾರಣಕ್ಕೆ ರೆಪ್ಲಿಕಾವನ್ನು ಹೀಗಳೆಯುವುದು ನ್ಯಾಯವಾಗಲಾರದು.

ಮೊದಲು ನೋಡಬೇಕಾದದ್ದು ಕಾರು ತನ್ನನ್ನು ಏನೆಂದು ಕರೆದುಕೊಂಡಿದೆ ಎಂಬುದನ್ನು. ಬಾನೆಟ್ ಮೇಲಿನ ಬ್ಯಾಡ್ಜ್, ಚಾಸಿ ನಂಬರ್ ಮತ್ತು ನೋಂದಣಿ ಪತ್ರ ಈ ಮೂರೂ ಒಂದೇ ಮಾತನ್ನು ಹೇಳುತ್ತಿವೆಯೇ ಎಂದು ಗಮನಿಸಿ. ಪತ್ರದಲ್ಲಿ ತಯಾರಕರ ನಿಜವಾದ ಹೆಸರಿದ್ದು, ಮಾಲೀಕರು ಕೇಳುವ ಮೊದಲೇ 'ಇದು ರೆಪ್ಲಿಕಾ' ಎಂದು ಹೇಳಿದರೆ ಅರ್ಧ ಪರೀಕ್ಷೆ ಮುಗಿದಂತೆ. ಫೆರಾರಿಯ ಕುದುರೆ ಲಾಂಛನ ಅಂಟಿಸಿಕೊಂಡು, ಕೇಳಿದವರಿಗೆಲ್ಲ ಇಟಲಿಯ ಕಥೆ ಹೇಳುವ ಕಾರಿಗೆ ಎಷ್ಟೇ ಚೆಂದದ ಬಣ್ಣವಿದ್ದರೂ ನಾನು ಗೌರವ ಕೊಡಲಾರೆ. ಕಾನೂನಿನ ದೃಷ್ಟಿಯೂ ಇದಕ್ಕೆ ಹತ್ತಿರವಾಗಿಯೇ ಇದೆ. ಫೆರಾರಿಯ ಡೇಟೋನಾ ಸ್ಪೈಡರ್ ಮತ್ತು ಟೆಸ್ಟರೋಸಾ ಕಾರುಗಳನ್ನು ಹೋಲುವ ಫೈಬರ್‌ಗ್ಲಾಸ್ ಕಿಟ್‌ಗಳನ್ನು (ಬೇರೆ ಕಾರಿನ ಮೇಲೆ ಜೋಡಿಸುವ ಹೊರಮೈ ಭಾಗಗಳನ್ನು) ಮಾರುತ್ತಿದ್ದವರೊಬ್ಬರ ವಿರುದ್ಧ 1991ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಾಗ, ಕೊಳ್ಳುವವರಿಗೆ ಅದು ನಕಲು ಎಂದು ಗೊತ್ತಿದ್ದರೂ ದಾರಿಯಲ್ಲಿ ನೋಡುವವರು ಮೋಸಹೋಗುತ್ತಾರೆ ಎಂಬ ಅಂಶವನ್ನು ಎತ್ತಿಹಿಡಿಯಿತು. ಅದೇ ದೇಶ 2015ರಲ್ಲಿ ಕಾನೂನು ಮಾಡಿ, ಕನಿಷ್ಠ 25 ವರ್ಷ ಹಳೆಯ ಕಾರನ್ನು ಹೋಲುವ ವಾಹನಗಳನ್ನು ಸಣ್ಣ ತಯಾರಕರು ವರ್ಷಕ್ಕೆ 325ರವರೆಗೆ ಕಟ್ಟಿ ಮಾರಲು ದಾರಿ ಮಾಡಿಕೊಟ್ಟಿತು. ಆದರೆ ಮೂಲ ವಿನ್ಯಾಸದ ಹಕ್ಕುದಾರರ ಅನುಮತಿ ಇರಬೇಕೆಂಬ ಷರತ್ತನ್ನೂ ಹಾಕಿತು.

ಎರಡನೆಯದಾಗಿ ಅಳತೆ ನೋಡಬೇಕು, ಅದಕ್ಕೆ ಜೇಬಿನಲ್ಲೊಂದು ಟೇಪು ಇದ್ದರೆ ಸಾಕು. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಇರುವ ದೂರವೇ ವೀಲ್‌ಬೇಸ್. ಕಾರಿನ ನಿಲುವು, ಬಾಗಿಲಿನ ಉದ್ದ, ಚಕ್ರದ ಮೇಲಿನ ಕಮಾನು ಎಲ್ಲವೂ ಅದನ್ನೇ ಅವಲಂಬಿಸಿವೆ. ಕೋಬ್ರಾದ ವೀಲ್‌ಬೇಸ್ 90 ಇಂಚು, ಒಳ್ಳೆಯ ರೆಪ್ಲಿಕಾಗಳು ಇದನ್ನು ಚಾಚೂ ತಪ್ಪದೆ ಪಾಲಿಸುತ್ತವೆ. ಬೀಟಲ್‌ನ ವೀಲ್‌ಬೇಸ್ 2400 ಮಿಲಿಮೀಟರ್, ಪೋರ್ಷೆ 356ರದ್ದು 2100. ಆದ್ದರಿಂದ ಬೀಟಲ್ ಮೇಲೆ 356 ಸ್ಪೀಡ್‌ಸ್ಟರ್ ಕಟ್ಟುವವರು ಅದರ ಅಡಿಹಲಗೆಯನ್ನು ಕತ್ತರಿಸಿ, ಸುಮಾರು 30 ಸೆಂಟಿಮೀಟರ್ ಕಡಿಮೆ ಮಾಡಿ ಮತ್ತೆ ಬೆಸೆಯಬೇಕಾಗುತ್ತದೆ. ಈ ಶ್ರಮ ತಪ್ಪಿಸಲು ಬೀಟಲ್‌ನ ಪೂರ್ಣ ಉದ್ದವನ್ನೇ ಉಳಿಸಿಕೊಂಡ ಕಾರು ನೋಡಿದೊಡನೆ ಎಳೆದು ಉದ್ದ ಮಾಡಿದಂತೆ ಕಾಣುತ್ತದೆ.

ಈ ವಿಷಯದಲ್ಲಿ ಅಮೆರಿಕದ ಪಾಂಟಿಯಾಕ್ ಕಂಪನಿಯ ಫಿಯೆರೋ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ 1984ರಿಂದ 1988ರವರೆಗೆ ತಯಾರಾದ ಈ ಕಾರಿನಷ್ಟು ವೇಷ ಹಾಕಿಸಿಕೊಂಡ ಕಾರುಗಳು ವಿರಳ. ಸೀಟಿನ ಹಿಂದೆ ಎಂಜಿನ್, ಕಾರಿನ ಭಾರವನ್ನೆಲ್ಲ ಹೊರುವ ಉಕ್ಕಿನ ಚೌಕಟ್ಟು (ಸ್ಪೇಸ್‌ಫ್ರೇಮ್), ಅದಕ್ಕೆ ಬೋಲ್ಟ್ ಹಾಕಿ ಕೂರಿಸಿದ ಪ್ಲಾಸ್ಟಿಕ್ ಪ್ಯಾನೆಲ್‌ಗಳು. ಪ್ಯಾನೆಲ್ ಬಿಚ್ಚಿದರೂ ಫ್ರೇಮಿಗೆ ಏನೂ ಆಗದ ಕಾರಣ ಮೇಲೆ ಬೇರೊಂದು ಮೈ ತೊಡಿಸುವುದು ಸುಲಭ. ಇದರ ವೀಲ್‌ಬೇಸ್ ಸುಮಾರು 2372 ಮಿಲಿಮೀಟರ್, ಫೆರಾರಿ 308ರದ್ದು 2340. ಮೂರು ಸೆಂಟಿಮೀಟರ್‌ನಷ್ಟು ವ್ಯತ್ಯಾಸ ಕಣ್ಣಿಗೆ ಬೀಳದು. ಜೊತೆಗೆ ಎರಡರಲ್ಲೂ ಎಂಜಿನ್ ಅಡ್ಡಲಾಗಿಯೇ ಕೂತಿರುತ್ತದೆ. ಹಾಗಾಗಿ ಫಿಯೆರೋ ಮೇಲೆ ಕಟ್ಟಿದ 308 ಒಪ್ಪವಾಗಿ ಕಾಣುತ್ತದೆ. ಲಂಬೋರ್ಗಿನಿ ಕೌಂಟಾಶ್‌ನ ವಿಷಯ ಬೇರೆ. ಅದರ ವಿ12 ಎಂಜಿನ್ ಉದ್ದುದ್ದವಾಗಿ ಕೂತಿದ್ದು, ಗೇರ್‌ಬಾಕ್ಸ್ ಎಂಜಿನ್ನಿನ ಮುಂದೆ, ಎರಡು ಸೀಟುಗಳ ನಡುವಿಗೆ ಚಾಚಿಕೊಂಡಿರುತ್ತದೆ. ಆದ್ದರಿಂದ ಫಿಯೆರೋ ಆಧಾರಿತ ಕೌಂಟಾಶ್ ಕಂಡರೆ ಕತ್ತರಿಯಂತೆ ಮೇಲೇಳುವ ಬಾಗಿಲನ್ನು ನೋಡುತ್ತ ನಿಲ್ಲದೆ ಒಳಗೆ ಬಗ್ಗಿ ಸೀಟುಗಳ ನಡುವಿನ ದಿಬ್ಬವನ್ನು ನೋಡಿ. ಫ್ರೇಮನ್ನು ಉದ್ದ ಮಾಡಿ, ಆ ದಿಬ್ಬವನ್ನೂ ಮೂಲದ ಅಗಲಕ್ಕೆ ಕಟ್ಟಿದವರು ಮೂಲವನ್ನು ನಿಜವಾಗಿ ಅಭ್ಯಾಸ ಮಾಡಿದ್ದಾರೆ ಎಂದು ತಿಳಿಯಬಹುದು.

ಇನ್ನು ಮಾಲೀಕರ ಅನುಮತಿ ಕೇಳಿ ಮೊಣಕಾಲೂರಿ ಕಾರಿನ ಅಡಿಗೆ ಟಾರ್ಚ್ ಬಿಡಿ. ಮೇಲೆ ಥಳಕು ಒಳಗೆ ಹುಳುಕು ಎಂಬ ಮಾತು ನಿಜವೋ ಸುಳ್ಳೋ ಗೊತ್ತಾಗುವುದು ಇಲ್ಲೇ. ವೆಲ್ಡಿಂಗ್ ಗೆರೆ ಜೋಡಿಸಿಟ್ಟ ನಾಣ್ಯಗಳ ಸಾಲಿನಂತೆ ಒಂದೇ ಸಮನಾಗಿರಬೇಕು. ಗುಪ್ಪೆಗುಪ್ಪೆಯಾಗಿ ಕೂತು, ಅಂಚಿನಲ್ಲಿ ಲೋಹ ಕರಗಿ ಗುಳಿಬಿದ್ದಿದ್ದರೆ ಅದು ಬಲವಿಲ್ಲದ ಬೆಸುಗೆ. ಬ್ರೇಕ್ ಪೈಪುಗಳು ಫ್ರೇಮಿಗೆ ಕ್ಲಿಪ್‌ಗಳಿಂದ ಬಿಗಿಯಾಗಿ ಅಂಟಿಕೊಂಡಿರಬೇಕು, ಎಕ್ಸಾಸ್ಟ್‌ನಿಂದ ದೂರವಿರಬೇಕು. ವೈರುಗಳು ಲೋಹದ ರಂಧ್ರ ದಾಟುವಲ್ಲಿ ರಬ್ಬರ್ ಬಳೆ ಇದೆಯೇ ನೋಡಿ. ಅದಿಲ್ಲದಿದ್ದರೆ ಅದುರುವಿಕೆಗೆ ಇನ್ಸುಲೇಶನ್ ಸವೆದು ಒಂದು ದಿನ ಬೆಂಕಿ ಹತ್ತಬಹುದು. ನಾನು ಅಡಿ ಬಗ್ಗಿ ನೋಡಿದ ಒಂದು ಕೋಬ್ರಾದಲ್ಲಿ ಪ್ರತಿ ಸಸ್ಪೆನ್ಶನ್ ಬೋಲ್ಟ್‌ನ ತಲೆಯಿಂದ ಬ್ರಾಕೆಟ್‌ಗೆ ಹಳದಿ ಪೇಂಟಿನ ತೆಳುಗೆರೆ ಎಳೆದಿತ್ತು. ಬೋಲ್ಟ್ ಕೂದಲೆಳೆಯಷ್ಟು ಸಡಿಲವಾದರೂ ಗೆರೆ ತುಂಡಾಗಿ ಕಾಣಲಿ ಎಂದು ಮಾಡಿದ ಏರ್ಪಾಡು ಅದು. ಯಾರೂ ನೋಡದ ಜಾಗದಲ್ಲಿ ಅಷ್ಟು ಎಚ್ಚರ ವಹಿಸಿದ ಆ ಮನುಷ್ಯನಿಗೆ ನಾನು ಮನಸಾರೆ ಕೈಮುಗಿದೆ.

ಮೈ ಫೈಬರ್‌ಗ್ಲಾಸ್ ಎಂಬುದು ಕೊರತೆಯಲ್ಲ. 1966ರಿಂದ 1969ರವರೆಗೆ ಸತತ ನಾಲ್ಕು ವರ್ಷ ಫ್ರಾನ್ಸಿನ ಲ ಮಾನ್ಸ್ 24 ಗಂಟೆಗಳ ರೇಸ್ ಗೆದ್ದ ಫೋರ್ಡ್ ಜಿಟಿ40ರ ಹೊರಮೈಯೂ ಫೈಬರ್‌ಗ್ಲಾಸ್‌ನದೇ ಆಗಿತ್ತು. ಅದನ್ನು ಎಷ್ಟು ಚೆನ್ನಾಗಿ ಮಾಡಿದ್ದಾರೆ ಎಂಬುದಷ್ಟೇ ಪ್ರಶ್ನೆ. ಬಾಗಿಲಿನ ಕೀಲಿನ ಬಳಿ ಪೇಂಟಿನಲ್ಲಿ ಜೇಡರ ಬಲೆಯಂಥ ಸಣ್ಣ ಬಿರುಕುಗಳಿದ್ದರೆ ಅಲ್ಲಿ ಒಳಗಿನಿಂದ ಲೋಹದ ಆಸರೆ ಕೊಟ್ಟಿಲ್ಲ, ಬಾಗಿಲಿನ ಭಾರವನ್ನೆಲ್ಲ ತೆಳು ಪದರವೇ ಹೊರುತ್ತಿದೆ ಎಂದರ್ಥ. ಬಾಗಿಲು ಮುಚ್ಚಿ ಸಂದನ್ನು ಬೆರಳಿನಿಂದ ಸವರುತ್ತ ಹೋಗಿ, ಮೇಲಿನಿಂದ ಕೆಳಗಿನವರೆಗೆ ಅಗಲ ಒಂದೇ ಇರಬೇಕು.

ಎಂಜಿನ್ ಶಕ್ತಿಯ ಬಗ್ಗೆ ಹೆಚ್ಚು ಚರ್ಚೆ ಬೇಡ. ಮಾಲೀಕರು ಓಡಿಸಲು ಕೊಟ್ಟರೆ ಮೊದಲು ಬ್ರೇಕ್ ಒತ್ತಿ ನೋಡಿ, ಕಾರು ನೇರವಾಗಿ ನಿಲ್ಲಬೇಕು. ಕೋಬ್ರಾದಿಂದ ಇಳಿಯುವಾಗ ಕಾಲು ಜೋಪಾನ. ಪಕ್ಕದ ಎಕ್ಸಾಸ್ಟ್ ಪೈಪು ಮೀನಖಂಡವನ್ನು ಸುಡುತ್ತದೆ, ಅಸಲಿಯೂ ಹಾಗೇ ಸುಡುತ್ತಿತ್ತು.

ಭಾರತದಲ್ಲಿ ಈ ಹವ್ಯಾಸಕ್ಕೆ ಕೈಹಾಕುವವರು ಕಾನೂನನ್ನು ಮೊದಲೇ ತಿಳಿದಿರಬೇಕು. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಸ್ಪಷ್ಟಪಡಿಸಿತು. ಬೆಂಗಳೂರಿನ ಗ್ಯಾರೇಜೊಂದರಲ್ಲಿ ಹಳೆಯ ಸೆಡಾನ್ ಮೇಲೆ ಲಂಬೋರ್ಗಿನಿಯ ಮೈ ಕೂರಿಸುವ ಹುಡುಗರ ಕೈಚಳಕ ಮೆಚ್ಚುವಂಥದ್ದೇ ಆದರೂ, ಆ ಕಾರನ್ನು ರಸ್ತೆಗಿಳಿಸಬೇಡಿ ಎಂದು ಅವರಿಗೆ ಹೇಳುವುದು ನಮ್ಮ ಕರ್ತವ್ಯ.

ಕೊನೆಯದಾಗಿ, ಕಟ್ಟಿದ ದಿನಗಳ ಫೋಟೊ ಮತ್ತು ರಸೀದಿಗಳನ್ನು ಕೇಳಿ. ಸ್ವಂತ ಕೈಯಿಂದ ಕಟ್ಟಿದವರಲ್ಲಿ ಬಹುತೇಕರು ದಪ್ಪ ಫೈಲೊಂದನ್ನು ಇಟ್ಟುಕೊಂಡಿರುತ್ತಾರೆ. ಹಳದಿ ಗೆರೆ ಎಳೆದಿದ್ದ ಆ ಕೋಬ್ರಾದ ಮಾಲೀಕರ ಫೈಲಿನಲ್ಲಿ ಒಂದು ಪುಟವಿಡೀ ಒಂದೇ ಪೆಡಲ್ ಬ್ರಾಕೆಟ್‌ನ ಚಿತ್ರಗಳಿದ್ದವು. ಮೊದಲ ಎರಡು ಬ್ರಾಕೆಟ್‌ಗಳು ತೆಳುವಾದವೆಂದು ಅವರು ತಾವೇ ಕತ್ತರಿಸಿ ತೆಗೆದಿದ್ದರು, ಮೂರನೆಯದು ಕಾರಿನಲ್ಲಿದೆ. ಆ ಪುಟದ ಮೇಲೆ ಬೆರಳಿಟ್ಟು ಅವರು ಸುಮಾರು ಅರ್ಧ ಗಂಟೆ ಮಾತಾಡಿದರು, ನಾನು ಕದಲದೆ ಕೇಳಿದೆ.